ನಮೀಬಿಯಾ: ಹೊತ್ತು ಮುಳುಗುವ ಮೊದಲು ಲಾಡ್ಜ್ ಸೇರುವ ಲೆಕ್ಕ

ರಾಜಧಾನಿ ವಿಂಡ್‌ಹೋಕ್‌ನಿಂದ ನಮೀಬ್ ಮರುಭೂಮಿಯ ಮರಳು ದಿಬ್ಬಗಳ ಹೆಬ್ಬಾಗಿಲಾದ ಸೆಸ್ರೀಮ್‌ಗೆ ಸುಮಾರು 320 ಕಿಲೋಮೀಟರ್. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದಷ್ಟು. ತಿಂಡಿ ಮುಗಿಸಿ, ಶಾಪಿಂಗ್ ಮಾಡಿ, ಮಧ್ಯಾಹ್ನ ಹೊರಟರೂ ನಡೆಯುತ್ತದೆ ಅಂದುಕೊಂಡವರು ದಾರಿಯಲ್ಲೇ ಕತ್ತಲಿಗೆ ಸಿಕ್ಕಿಕೊಳ್ಳುತ್ತಾರೆ. ರೆಹೊಬೋತ್ ದಾಟಿದ ಮೇಲೆ ಬಹುಪಾಲು ಜಲ್ಲಿ ರಸ್ತೆ. ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಸಿಕ್ಕರೆ ಪುಣ್ಯ. ನಿಲ್ಲದೆ ಓಡಿಸಿದರೂ ಐದು ಗಂಟೆ, ಫೋಟೊ, ಊಟ, ಪೆಟ್ರೋಲ್ ಸೇರಿದರೆ ಏಳು. ಕತ್ತಲಾದ ಮೇಲೆ ಕುಡು, ಓರಿಕ್ಸ್ ಎಂಬ ಜಿಂಕೆಯಂಥ ದೊಡ್ಡ ಪ್ರಾಣಿಗಳು ರಸ್ತೆಗೆ ನುಗ್ಗುತ್ತವೆ. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಊರಾಚೆ ರಾತ್ರಿ ಓಡಿಸಿದರೆ ವಿಮೆಯೇ ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಪ್ರವಾಸದ ಯೋಜನೆಯನ್ನು ಕಿಲೋಮೀಟರಿನಲ್ಲಿ ಹಾಕಬಾರದು, ಬೆಳಕಿರುವ ಗಂಟೆಗಳಲ್ಲಿ ಹಾಕಬೇಕು. ಜೂನ್‌ನಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವುದೇ ಏಳೂವರೆ ದಾಟಿದ ಮೇಲೆ, ಮುಳುಗುವುದು ಆರೂಕಾಲರ ಆಸುಪಾಸು.

ದಿನಗಳನ್ನು ಜೋಡಿಸುವುದು

ಮೊದಲ ಸಲ ಹೋಗುವವರಿಗೆ ಏಳು ರಾತ್ರಿಯ ಸುತ್ತು ಸಾಕು. ವಿಂಡ್‌ಹೋಕ್‌ನಲ್ಲಿ ಒಂದು, ಸೆಸ್ರೀಮ್ ಸುತ್ತ ಮೂರು, ಕರಾವಳಿಯ ಸ್ವಾಕೋಪ್‌ಮುಂಡ್‌ನಲ್ಲಿ ಎರಡು, ಕೊನೆಗೆ ಮತ್ತೆ ವಿಂಡ್‌ಹೋಕ್‌ನಲ್ಲಿ ಒಂದು. ವಿಮಾನ ಇಳಿದ ದಿನವೇ ಮರುಭೂಮಿಗೆ ಹೊರಡಬೇಡಿ. ಹೋಸಿಯಾ ಕುಟಾಕೋ ವಿಮಾನ ನಿಲ್ದಾಣವಿರುವುದು ಊರಿನಿಂದ 45 ಕಿ.ಮೀ. ಆಚೆ. ಮಧ್ಯಾಹ್ನ ಇಳಿದು, ಸಾಲಿನಲ್ಲಿ ನಿಂತು, ಗಾಡಿ ಕೈಗೆ ಬರುವಷ್ಟರಲ್ಲಿ ಬೆಳಕಿನ ಎರಡೇ ಗಂಟೆ ಉಳಿದಿರುತ್ತದೆ.

ಮೇಯಿಂದ ಅಕ್ಟೋಬರ್‌ವರೆಗೆ ಒಣ ಹವೆ. ಜೂನ್, ಜುಲೈ ರಾತ್ರಿಗಳಲ್ಲಿ ಚಳಿ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. ‘ಮರುಭೂಮಿ ತಾನೆ’ ಎಂದು ಸ್ವೆಟರ್ ಬಿಟ್ಟು ಹೋದವರು ಮುಂಜಾನೆ ಮರಳು ದಿಬ್ಬದ ಮೇಲೆ ನಡುಗುತ್ತಾ ನಿಂತಿರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 40 ಡಿಗ್ರಿ ಮೀರುತ್ತದೆ.

ಲಾಡ್ಜ್ ಆರಿಸುವಾಗ ಗೇಟು ನೋಡಿ

ಲಾಡ್ಜ್ ಎಂದರೆ ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್ ಅಲ್ಲ. ಬಟಾಬಯಲಿನ ನಡುವೆ ಹತ್ತಿಪ್ಪತ್ತು ಕುಟೀರ, ಒಂದು ಊಟದ ಹಾಲ್, ಸಣ್ಣ ಈಜುಕೊಳ. ಫೋಟೊದಲ್ಲಿ ಎಲ್ಲವೂ ಚೆಂದ. ಕೇಳಬೇಕಾದ ಪ್ರಶ್ನೆ ಒಂದೇ: ಸೆಸ್ರೀಮ್ ಗೇಟಿನಿಂದ ಎಷ್ಟು ದೂರ?

ಎಲ್ಲರೂ ನೋಡಲು ಬರುವ, ಮರಳು ದಿಬ್ಬಗಳ ನಡುವಿನ ಒಣ ಮಣ್ಣಿನ ಬಯಲುಗಳಾದ ಸೊಸಸ್‌ಫ್ಲೇ, ಡೆಡ್‌ಫ್ಲೇ ಇರುವುದು ನಮೀಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದೊಳಗೆ. ಹೊರಗಿನವರಿಗೆ ಗೇಟು ತೆಗೆಯುವುದು ಸೂರ್ಯೋದಯಕ್ಕೆ, ಮುಚ್ಚುವುದು ಸೂರ್ಯಾಸ್ತಕ್ಕೆ. ಉದ್ಯಾನದ ಒಳಗೇ ಉಳಿದವರನ್ನು, ಉದಾಹರಣೆಗೆ ಸೊಸಸ್ ಡ್ಯೂನ್ ಲಾಡ್ಜ್ ಮತ್ತು ಸೆಸ್ರೀಮ್ ಕ್ಯಾಂಪ್‌ಸೈಟ್‌ನವರನ್ನು, ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಬಿಡುತ್ತಾರೆ. ದಿಬ್ಬದ ತುದಿಯಿಂದ ಸೂರ್ಯೋದಯ ನೋಡಲೇಬೇಕೆಂಬ ಹಟವಿದ್ದರೆ ಒಳಗೇ ಉಳಿಯಿರಿ. ಇಲ್ಲದಿದ್ದರೆ ಗೇಟಿನ ಹೊರಗೆ 10–15 ಕಿ.ಮೀ. ಅಂತರದಲ್ಲಿರುವ ಲಾಡ್ಜ್ ಸಾಕು. 60 ಕಿ.ಮೀ. ದೂರದ್ದನ್ನು ‘ಸೊಸಸ್‌ಫ್ಲೇ ಹತ್ತಿರ’ ಎಂಬ ಹೆಸರಲ್ಲಿ ಮಾರುತ್ತಾರೆ. ಅಲ್ಲಿಂದ ಗೇಟು ತೆರೆಯುವ ಹೊತ್ತಿಗೆ ಬರಬೇಕಾದರೆ ಒಂದು ಗಂಟೆ ಕತ್ತಲಲ್ಲಿ ಜಲ್ಲಿ ರಸ್ತೆಯಲ್ಲಿ ಬರಬೇಕು, ಅದನ್ನೇ ಮಾಡಬಾರದು. ಅಂಥ ಲಾಡ್ಜ್‌ಗಳು ಕೆಟ್ಟವೇನಲ್ಲ, ದಾರಿಯಲ್ಲಿ ಒಂದು ರಾತ್ರಿ ತಂಗಲು ಚೆನ್ನಾಗಿರುತ್ತವೆ. ಜುಲೈಯಿಂದ ಅಕ್ಟೋಬರ್‌ಗೆ ಕೊಠಡಿ ಬೇಕಿದ್ದರೆ ಆರೆಂಟು ತಿಂಗಳು ಮೊದಲೇ ಕಾದಿರಿಸಿ.

ಬುಕಿಂಗ್ ಮಾಡುವಾಗಲೇ ಸಸ್ಯಾಹಾರದ ವಿಷಯ ಬರೆದು ತಿಳಿಸಬೇಕು. ರಾತ್ರಿಯೂಟದ ಹೆಮ್ಮೆಯೆಂದರೆ ಓರಿಕ್ಸ್, ಕುಡು ಮಾಂಸ. ಹತ್ತಿರದ ಅಂಗಡಿ ನೂರು ಕಿ.ಮೀ. ದೂರವಿರಬಹುದು, ಹೋದ ಮೇಲೆ ಹೇಳಿದರೆ ಬೇಯಿಸಿದ ತರಕಾರಿಯೇ ಗತಿ. ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಜೊತೆಗಿರಲಿ. ಕೊಠಡಿಯ ಪ್ಲಗ್ ದಕ್ಷಿಣ ಆಫ್ರಿಕಾದ್ದು, ನಮ್ಮ ಗೀಸರಿನ ದೊಡ್ಡ ಮೂರು ಪಿನ್ನಿನ ಆಕಾರದ್ದೇ.

ಕಾಗದಪತ್ರ

ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮೊದಲು ನವದೆಹಲಿಯ ನಮೀಬಿಯಾ ಹೈಕಮಿಷನ್‌ನಲ್ಲಿ ಖಚಿತಪಡಿಸಿಕೊಳ್ಳಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕೊಡುತ್ತದೆ: ಅರ್ಜಿ ನಮೂನೆ 4ಎ, ಅವಧಿ ಒಂದು ವರ್ಷ. ಮೂಲ ಡಿಎಲ್ ಕೂಡ ಜೊತೆಗಿರಬೇಕು. ಅಡಿಸ್ ಅಬಾಬಾ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಮುಖ್ಯ. ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ವಾಪಸಾಗುವಾಗ ಪ್ರಮಾಣಪತ್ರ ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿಡುವ ನಿಯಮ ಭಾರತದಲ್ಲಿದೆ. ವಿಮಾನ ನಿಲ್ದಾಣ ಬಿಟ್ಟು ಹೊರಹೋಗದವರಿಗೆ ವಿನಾಯಿತಿ ಉಂಟು, ಆದರೆ ಅದು ಆರೋಗ್ಯಾಧಿಕಾರಿ ಒಪ್ಪಿದರೆ ಮಾತ್ರ. ಲಸಿಕೆಯ ಪ್ರಮಾಣಪತ್ರ ಜಾರಿಗೆ ಬರುವುದು 10 ದಿನದ ನಂತರ ಎಂಬುದು ನೆನಪಿರಲಿ.

ನಮೀಬಿಯಾ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬೆಲೆಯಲ್ಲಿ ಒಂದಕ್ಕೊಂದು ಸಮ, ಅಲ್ಲಿ ಎರಡೂ ಚಲಾವಣೆಯಲ್ಲಿವೆ. ಊರಿನಿಂದ ರ‍್ಯಾಂಡ್ ಒಯ್ಯುವುದು ಸುಲಭ. ಗಾಡಿಯ ಠೇವಣಿಗೆ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು; ಡೆಬಿಟ್ ಕಾರ್ಡ್ ತೋರಿಸಿದರೆ ಕೌಂಟರಿನಲ್ಲೇ ತಕರಾರು.

ಗಾಡಿ ಒಪ್ಪಿಕೊಳ್ಳುವ ಒಂದು ಗಂಟೆ

ಸ್ಟೇರಿಂಗ್ ಬಲಕ್ಕೆ, ಓಡಿಸುವುದು ಎಡಕ್ಕೆ, ನಮ್ಮಂತೆಯೇ. ಅಷ್ಟರಮಟ್ಟಿಗೆ ಯುರೋಪಿನವರಿಗಿಂತ ನಮಗೆ ಸಲೀಸು. ಈ ಪ್ರವಾಸಕ್ಕೆ ಎತ್ತರದ ಎಸ್‌ಯುವಿ ಸಾಲುತ್ತದೆ, ಆದರೂ ಟೊಯೊಟಾ ಹೈಲಕ್ಸ್‌ನಂಥ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ ಪಿಕಪ್) ಫೋರ್ ವೀಲ್ ಡ್ರೈವ್ ಉತ್ತಮ. ದೊಡ್ಡ ಟೈರು ಕಲ್ಲನ್ನು ತಡೆದುಕೊಳ್ಳುತ್ತದೆ. ಸಣ್ಣ ಕಾರಿನಲ್ಲೂ ಹೋಗಿ ಬರುವವರಿದ್ದಾರೆ. ಟೈರು ಮತ್ತು ಬೆನ್ನು ಎರಡಕ್ಕೂ ಶಿಕ್ಷೆ.

ಬಾಡಿಗೆ ಕಂಪನಿಯ ಅಂಗಳ ಬಿಡುವ ಮೊದಲು ಐದೂ ಟೈರುಗಳ ಬದಿಯನ್ನು ಕೈಯಿಂದ ಸವರಿ ನೋಡಿ. ಬಿರುಕು, ಉಬ್ಬು ಇದ್ದರೆ ಬದಲಿಸಿ ಅನ್ನಿ. ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದು ಬೇಡ. ಸಾಧ್ಯವಾದರೆ ಸ್ಟೆಪ್ನಿ ಎರಡು ಕೇಳಿ. ಹೈಲಕ್ಸ್‌ನಲ್ಲಿ ಸ್ಟೆಪ್ನಿ ಹಿಂಭಾಗದ ಅಡಿಯಲ್ಲಿ ಸರಪಳಿಗೆ ನೇತಾಡುತ್ತಿರುತ್ತದೆ. ಹಿಂದಿನ ಬಂಪರ್ ಹತ್ತಿರದ ತೂತಿನಲ್ಲಿ ಉದ್ದನೆಯ ಸಲಾಕೆ ತೂರಿಸಿ ತಿರುಗಿಸಿದರೆ ಕೆಳಗಿಳಿಯುತ್ತದೆ. ಹಿಂದಿನ ಬಾಡಿಗೆದಾರರ ಧೂಳು ಕೂತು ಅದು ಬಿಗಿದುಕೊಂಡಿರಬಹುದು. ಅಂಗಳದಲ್ಲೇ ಒಮ್ಮೆ ಇಳಿಸಿ ನೋಡಿ. ಜಾಕ್, ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್, ಗಾಳಿ ತುಂಬುವ ಕಂಪ್ರೆಸರ್, ಪ್ರೆಶರ್ ಗೇಜ್, ಸಲಿಕೆ, ಎಳೆಯುವ ಹಗ್ಗ ಇವೆಯೇ? ಜಾಕ್ ಕೆಳಗಿಡಲು ಒಂದು ಮರದ ಹಲಗೆ ಕೇಳಿ. ಮರಳಿನಲ್ಲಿ ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಹೂತುಹೋಗುತ್ತದೆ. ಗಾಜು, ಬಾಡಿ ಎಲ್ಲದರ ವಿಡಿಯೊ ತೆಗೆದಿಡಿ.

ವಿಮೆಯ ಕಾಗದದಲ್ಲಿ ಓದಬೇಕಾದ್ದು ‘ಏನು ಸಿಗುವುದಿಲ್ಲ’ ಎಂಬ ಭಾಗ. ಟೈರು, ಮುಂದಿನ ಗಾಜು, ಗಾಡಿಯ ಅಡಿಭಾಗ, ಮರಳುಗಾಳಿಗೆ ಬಣ್ಣ ಕಿತ್ತುಹೋಗುವುದು ಸಾಮಾನ್ಯ ವಿಮೆಯಲ್ಲಿ ಹೆಚ್ಚಾಗಿ ಇರುವುದಿಲ್ಲ. ಬೇರೆ ಗಾಡಿ ತಾಗದೆ ತಾನಾಗಿ ಮಗುಚಿದರೆ ಏನು ಎಂದು ಬಾಯಿಬಿಟ್ಟು ಕೇಳಿ. ಇಲ್ಲಿ ಆಗುವುದೇ ಆ ಬಗೆಯ ಅಪಘಾತ.

ಜಲ್ಲಿ ರಸ್ತೆಯ ಪಾಠ

ನಕ್ಷೆಯಲ್ಲಿ ‘ಬಿ’ ಎಂದರೆ ಡಾಂಬರು, ‘ಸಿ’ ಬಹುಪಾಲು ಜಲ್ಲಿ, ‘ಡಿ’ ಇನ್ನೂ ಕಿರಿದಾದ ಜಲ್ಲಿ. ಕಾನೂನಿನ ಮಿತಿ ಜಲ್ಲಿಯಲ್ಲಿ 100 ಕಿ.ಮೀ. ಇದ್ದರೂ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಹಾಕುವ ಮಿತಿ 80, ಗಾಡಿಯಲ್ಲಿ ಅದನ್ನು ದಾಖಲಿಸುವ ಪೆಟ್ಟಿಗೆಯೂ ಇರುತ್ತದೆ. 60–70 ಸಾಕು.

ಟೈರಿನ ಗಾಳಿ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಡಾಂಬರಿಗೆ 32 ಪಿಎಸ್‌ಐ, ಜಲ್ಲಿಗೆ 26ರ ಸುಮಾರು, ದಪ್ಪ ಮರಳಿಗೆ 16–18. ಇದು ಡಬಲ್ ಕ್ಯಾಬ್‌ನ ಅಂದಾಜು. ನಿಮ್ಮ ಗಾಡಿಗೆ ಎಷ್ಟೆಂದು ಕಂಪನಿಯಿಂದ ಬರೆಸಿಕೊಳ್ಳಿ. ಗಾಳಿ ಬಿಗಿಯಾಗಿದ್ದರೆ ಚೂಪು ಕಲ್ಲು ಟೈರನ್ನು ಸೀಳುತ್ತದೆ, ಗಾಡಿಯೂ ಕಲ್ಲಿನ ಮೇಲೆ ಕುಣಿಯುತ್ತದೆ. ತಗ್ಗಿಸಿದರೆ ಟೈರು ಕಲ್ಲಿನ ಆಕಾರಕ್ಕೆ ಬಾಗಿ ದಾಟುತ್ತದೆ. ಹಾಗೆಂದು ತಗ್ಗಿಸಿದ ಗಾಳಿಯಲ್ಲೇ ಡಾಂಬರಿನ ಮೇಲೆ 120ರಲ್ಲಿ ಓಡಿಸಿದರೆ ಟೈರು ಕಾದು ಒಡೆಯುತ್ತದೆ. ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ.

ಕೆಲವು ಕಡೆ ರಸ್ತೆ ತಗಡಿನ ಚಾವಣಿಯಂತೆ ಅಲೆಅಲೆಯಾಗಿರುತ್ತದೆ. ನಿಧಾನವಾಗಿ ಹೋದರೆ ಹಲ್ಲು ಉದುರುವಷ್ಟು ಕುಲುಕಾಟ, ವೇಗ ಹೆಚ್ಚಿಸಿದರೆ ತೇಲಿದಂತೆ ಹಾಯೆನಿಸುತ್ತದೆ. ಮೋಸ ಇರುವುದು ಅಲ್ಲೇ. ಹಾಯೆನಿಸುವುದು ಚಕ್ರ ಅಲೆಯಿಂದ ಅಲೆಗೆ ಹಾರುತ್ತಿರುವುದರಿಂದ. ನೆಲದ ಹಿಡಿತ ಅರ್ಧಕ್ಕರ್ಧ ಹೋಗಿರುತ್ತದೆ. ಆಗ ತಿರುವು ಬಂದು ಹಿಂಭಾಗ ಜಾರಿತು ಎನ್ನಿ: ಗಾಬರಿಯಲ್ಲಿ ಬ್ರೇಕ್ ಒತ್ತಿ ಸ್ಟೇರಿಂಗ್ ಎಳೆಯುತ್ತಾರೆ, ಗಾಡಿ ಇನ್ನೊಂದು ಬದಿಗೆ ಎಸೆದುಕೊಂಡು ಅಂಚಿನ ಸಡಿಲ ಜಲ್ಲಿಗೆ ಸಿಕ್ಕಿ ಮಗುಚುತ್ತದೆ. ಮಾಡಬೇಕಾದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು, ಹೋಗಬೇಕಾದ ಕಡೆಗೇ ಸ್ಟೇರಿಂಗನ್ನು ಮೆತ್ತಗೆ ಹಿಡಿಯುವುದು, ಗಾಡಿ ತಾನಾಗಿ ನಿಧಾನವಾಗಲು ಬಿಡುವುದು. ಜಲ್ಲಿ ಶುರುವಾದ ಕೂಡಲೇ ಫೋರ್ ವೀಲ್ ‘ಹೈ’ಗೆ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಹಾಕಿಕೊಂಡರೆ ಹಿಡಿತ ಹೆಚ್ಚು. ಡಾಂಬರು ಬಂದ ಕೂಡಲೇ ತೆಗೆಯಿರಿ.

ಹೆಡ್‌ಲೈಟ್ ಹಗಲಿಡೀ ಉರಿಯಲಿ. ಎದುರು ಗಾಡಿ ಬಂದಾಗ ಎಡಕ್ಕೆ ಸರಿದು ನಿಧಾನಿಸಿ. ಗಾಜಿಗೆ ಬಡಿಯುವ ಕಲ್ಲಿನ ಪೆಟ್ಟು ಎರಡು ಗಾಡಿಗಳ ವೇಗವೂ ಸೇರಿದ್ದು. ದಿಣ್ಣೆ ಹತ್ತುವಾಗ ರಸ್ತೆ ನಡುವೆ ಇರಬೇಡಿ. ಗೂಗಲ್ ಮ್ಯಾಪ್ಸ್ ಹೇಳುವ ಸಮಯಕ್ಕೆ ಮೂರನೇ ಒಂದು ಪಾಲು ಸೇರಿಸಿಕೊಳ್ಳಿ. ಅದು ಸ್ಪ್ರೀಟ್ಸ್‌ಹೂಗ್ಟೆ ಘಾಟಿಯ ಡಿ1275 ತೋರಿಸಿದರೆ ಮರುಮಾತಿಲ್ಲದೆ ಒಪ್ಪಬೇಡಿ. ನೋಟ ಅದ್ಭುತ, ಇಳಿಜಾರು ಚಾರ್ಮಾಡಿಗಿಂತ ಕಡಿದು. ಮೊದಲ ದಿನದ ಚಾಲಕರಿಗೆ ರೆಮ್‌ಹೂಗ್ಟೆ ದಾರಿ ಮೇಲು. ಫೋನ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಟೈರು ಹೋದಾಗ

ಹೋಗುತ್ತದೆ ಎಂದುಕೊಂಡೇ ಹೊರಡಿ.

1. ತಿರುವು, ದಿಣ್ಣೆ ದಾಟಿ ಗಟ್ಟಿ ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.
2. ಸ್ಟೆಪ್ನಿಯನ್ನು ಮೊದಲು ಕೆಳಗಿಳಿಸಿ. ಜಾಕ್ ಕೊಟ್ಟ ಮೇಲೆ ಗಾಡಿಯಡಿ ನುಸುಳಬಾರದು.
3. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ.
4. ಹಲಗೆಯ ಮೇಲೆ ಜಾಕ್ ಇಟ್ಟು ಎತ್ತಿ, ಟೈರು ಬದಲಿಸಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಕೂರಿಸಿ, ಜಾಕ್ ಇಳಿಸಿದ ಮೇಲೆ ಪೂರ್ತಿ ಬಿಗಿಯಿರಿ.
5. 50 ಕಿ.ಮೀ. ಹೋದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಕುಲುಕಾಟಕ್ಕೆ ಸಡಿಲವಾಗಿರುತ್ತವೆ.

ಮುಂದಿನ ಊರಿನಲ್ಲೇ ಪಂಕ್ಚರ್ ಹಾಕಿಸಿ. ಸಾಲಿಟೇರ್ ಮತ್ತು ಸೆಸ್ರೀಮ್‌ನಲ್ಲಿ ಪೆಟ್ರೋಲ್ ಬಂಕ್ ಇದೆ, ಈ ಕೆಲಸವೂ ಆಗುತ್ತದೆ. ಬದಿ ಸೀಳಿದ ಟೈರಿಗೆ ಮಾತ್ರ ರಿಪೇರಿಯಿಲ್ಲ.

ಡೆಡ್‌ಫ್ಲೇ ದಿನ

ಹಿಂದಿನ ರಾತ್ರಿಯೇ ಲಾಡ್ಜ್‌ನಲ್ಲಿ ಹೇಳಿದರೆ ಬೆಳಗಿನ ತಿಂಡಿ ಕಟ್ಟಿಕೊಡುತ್ತಾರೆ. ಗೇಟಿನಿಂದ ಒಳಕ್ಕೆ 60 ಕಿ.ಮೀ. ಡಾಂಬರು, ವೇಗದ ಮಿತಿಯೂ 60. ಅಂದರೆ ಒಂದು ಗಂಟೆ. 45ನೇ ಕಿ.ಮೀ.ನಲ್ಲಿ ‘ಡ್ಯೂನ್ 45’. ಬಸ್ಸಿನವರೆಲ್ಲ ಅಲ್ಲೇ ಇಳಿದು ಹತ್ತುವುದರಿಂದ ಬೆಳಿಗ್ಗೆ ಸಂತೆ. ನೇರ ಮುಂದೆ ಹೋಗಿ. ಡಾಂಬರು ಮುಗಿದ ಕಡೆ ಪಾರ್ಕಿಂಗ್, ಮುಂದಿನ 5 ಕಿ.ಮೀ. ದಪ್ಪ ಮರಳು, ಫೋರ್ ವೀಲ್‌ಗಷ್ಟೇ.

ಮರಳಿನಲ್ಲಿ ಓಡಿಸಿ ರೂಢಿಯಿಲ್ಲದವರಿಗೆ ಒಂದೇ ಸಲಹೆ: ಅಲ್ಲಿನ ಶಟಲ್ ಗಾಡಿ ಹತ್ತಿ. ನಾವೇ ಹೋಗುತ್ತೇವೆ ಎನ್ನುವವರು ಪಾರ್ಕಿಂಗಿನಲ್ಲೇ ಗಾಳಿ 16–18ಕ್ಕೆ ಇಳಿಸಿ, ಫೋರ್ ವೀಲ್ ‘ಲೋ’ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಿ, ಎರಡನೇ ಗೇರಿನಲ್ಲಿ ಒಂದೇ ಸಮನೆ ಹೋಗಬೇಕು. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ, ಗಕ್ಕನೆ ತಿರುಗಿಸಿದರೂ ಅದೇ ಕಥೆ. ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಇಳಿಯುತ್ತದೆ. ಚಕ್ರದ ಮುಂದೆ ಹಿಂದೆ ಸಲಿಕೆಯಿಂದ ಬಿಡಿಸಿ, ಗಾಳಿ ಇನ್ನೆರಡು ಪಿಎಸ್‌ಐ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ವಾಪಸ್ ಡಾಂಬರಿಗೆ ಬಂದ ಕೂಡಲೇ ಕಂಪ್ರೆಸರ್ ಹಚ್ಚಿ.

ಇಳಿದಲ್ಲಿಂದ ಡೆಡ್‌ಫ್ಲೇಗೆ ಒಂದು ಕಿ.ಮೀ. ಚಿಲ್ಲರೆ ನಡಿಗೆ. ತ್ಸೌಚಾಬ್ ನದಿಗೆ ಮರಳು ದಿಬ್ಬ ಅಡ್ಡ ಬಂದು ನೀರು ನಿಂತುಹೋದ ಬಿಳಿ ಮಣ್ಣಿನ ಬಯಲಿದು. ಒಣಗಿ ಆರೇಳು ನೂರು ವರ್ಷವಾದ ಜಾಲಿಯ ಬಂಧುಗಳು ಕೊಳೆಯಲೂ ತೇವವಿಲ್ಲದೆ ಕರ‍್ರಗೆ ನಿಂತಿವೆ. ಮರ ಮುಟ್ಟುವಂತಿಲ್ಲ. ಪಕ್ಕದ ‘ಬಿಗ್ ಡ್ಯಾಡಿ’ ದಿಬ್ಬದ ಎತ್ತರ ಸುಮಾರು 325 ಮೀಟರ್. ಹತ್ತಲು ಎರಡು ಗಂಟೆ, ಜಾರಿಕೊಂಡು ಡೆಡ್‌ಫ್ಲೇಗೆ ಇಳಿಯಲು ಹತ್ತೇ ನಿಮಿಷ. ತಲೆಗೆರಡು ಲೀಟರ್ ನೀರು, ಕಾಲು ಮುಚ್ಚುವ ಬೂಟು. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಮರಳು ಕಾದ ಬಾಣಲೆ. ಸಂಜೆಗೆ ಗೇಟಿನಿಂದ 5 ಕಿ.ಮೀ. ದೂರದ ಎಲಿಮ್ ದಿಬ್ಬ ಸಾಕು, ಹೊರಬೀಳಲು ಓಡಬೇಕಿಲ್ಲ.

ಕರಾವಳಿಯತ್ತ

ಸೆಸ್ರೀಮ್‌ನಿಂದ ಸ್ವಾಕೋಪ್‌ಮುಂಡ್‌ಗೆ ಸುಮಾರು 350 ಕಿ.ಮೀ., ಆರು ಗಂಟೆ. ಬೆಳಿಗ್ಗೆ ಎಂಟಕ್ಕೇ ಹೊರಡಿ. ಸಾಲಿಟೇರ್‌ನಲ್ಲಿ ಟ್ಯಾಂಕ್ ತುಂಬಿಸಲೇಬೇಕು: ಗೌಬ್, ಕುಯಿಸೆಬ್ ಕಣಿವೆ ದಾಟಿ ವಾಲ್ವಿಸ್ ಬೇವರೆಗಿನ 230 ಕಿ.ಮೀ.ನಲ್ಲಿ ಇನ್ನೊಂದು ಬಂಕ್ ಇಲ್ಲ. ಕಾರ್ಡ್ ಯಂತ್ರ ಕೈಕೊಡಬಹುದು, ನಗದು ಇಟ್ಟುಕೊಳ್ಳಿ. ಸಾಲಿಟೇರ್‌ನ ಆ್ಯಪಲ್ ಪೈ ಹೆಸರುವಾಸಿ. ಟೈರಿನ ಗಾಳಿ ನೋಡಿಕೊಂಡು ಆಮೇಲೆ ತಿನ್ನಿ. ಗಾಡಿಯಲ್ಲಿ ಯಾವಾಗಲೂ ತಲಾ ಐದು ಲೀಟರ್ ನೀರಿರಲಿ. ಕೆಟ್ಟು ನಿಂತರೆ ಗಾಡಿ ಬಿಟ್ಟು ನಡೆಯಬೇಡಿ, ನೆರಳಲ್ಲಿ ಕಾಯಿರಿ. ‘ಸಿ’ ರಸ್ತೆಯಲ್ಲಿ ಹಗಲು ಯಾರಾದರೂ ಬಂದೇ ಬರುತ್ತಾರೆ.

ಕರಾವಳಿಯಲ್ಲಿ ತಣ್ಣನೆಯ ಬೆಂಗ್ವೆಲಾ ಪ್ರವಾಹದಿಂದ ಬೆಳಗಿನ ಹೊತ್ತು ಮಂಜು. ಚಳಿಗಾಲದಲ್ಲಿ ಒಮ್ಮೊಮ್ಮೆ ಪೂರ್ವದ ಬಿಸಿಗಾಳಿ ಎದ್ದು ಮರಳನ್ನು ಎರಚುತ್ತದೆ, ಗಾಜು ಉಜ್ಜುಕಾಗದ ಹಾಕಿದಂತೆ ಮಂಕಾಗುತ್ತದೆ. ಆಗ ಹೊರಡುವುದನ್ನು ಮುಂದೂಡಿ, ಗಾಡಿಯನ್ನು ಗೋಡೆಯ ಮರೆಗೆ ನಿಲ್ಲಿಸಿ. ಊರುಗಳಲ್ಲಿ ನಿಲ್ಲಿಸಿದಾಗ ಸೀಟಿನ ಮೇಲೆ ಬ್ಯಾಗು ಬೇಡ. ರಿಮೋಟ್ ಒತ್ತಿದ ಮೇಲೆ ಬಾಗಿಲನ್ನು ಕೈಯಿಂದ ಎಳೆದು ನೋಡಿ. ಸಿಗ್ನಲ್ ತಡೆದು ಲಾಕ್ ಆಗದಂತೆ ಮಾಡುವ ಕಳ್ಳರಿದ್ದಾರೆ.

ಸ್ವಾಕೋಪ್‌ಮುಂಡ್‌ನಿಂದ ವಿಂಡ್‌ಹೋಕ್‌ಗೆ 360 ಕಿ.ಮೀ., ಪೂರ್ತಿ ಡಾಂಬರು. ಹೊರಡುವ ಮೊದಲು ಗಾಳಿ ಮತ್ತೆ 32ಕ್ಕೆ. ಗಾಡಿ ಒಪ್ಪಿಸುವಾಗ ಸ್ಟೆಪ್ನಿ, ಸಲಿಕೆ, ಕಂಪ್ರೆಸರ್ ಎಣಿಸಿ ತೋರಿಸಿ, ಮೊದಲ ದಿನದ ವಿಡಿಯೊ ಫೋನಿನಲ್ಲಿ ಸಿದ್ಧವಾಗಿರಲಿ, ‘ಹಾನಿಯಿಲ್ಲ’ ಎಂಬ ಸಹಿ ಸಿಗುವವರೆಗೆ ಕೀಲಿ ಕೊಡಬೇಡಿ.