ಫ್ಲೋರೈಡ್ ಪ್ರಾಜೆಕ್ಟಿಗೆ ಅನುದಾನ: ಮೊದಲು ಬಾಟಲಿ, ಆಮೇಲೆ ಅರ್ಜಿ

ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಹಣ ಕೊಡುತ್ತ ಬಂದಿದೆ. ಕಚೇರಿ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಸಿಗುವುದು ಕೆಲವು ಸಾವಿರ ರೂಪಾಯಿ ಮಾತ್ರ. ಅಷ್ಟರಲ್ಲಿ ಪಾವಗಡ ಕಡೆಯ ಒಂದು ಹಳ್ಳಿಯ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂದು ಸರಿಯಾಗಿ ಅಳೆಯಬಹುದು. ಶುದ್ಧೀಕರಣ ಘಟಕ ಕಟ್ಟಲಾಗದು. ಶೀರ್ಷಿಕೆಯಲ್ಲಿ ಘಟಕ, ಒಳಗೆ ಒಂದೂ ಅಳತೆ ಇಲ್ಲ ಎನ್ನುವ ಅರ್ಜಿ ನಿಲ್ಲುವುದಿಲ್ಲ.

ಹಾಗಾಗಿ ಅರ್ಜಿಗೆ ಮೊದಲೇ ನಾಲ್ಕೈದು ಬೋರ್‌ವೆಲ್‌ಗಳ ನೀರು ಪರೀಕ್ಷೆ ಮಾಡಿಸಿ. ಟಿಡಿಎಸ್ ಮೀಟರ್ ನಂಬಬೇಡಿ: ಅದು ನೀರಿನ ವಿದ್ಯುತ್ ವಾಹಕತೆಯಿಂದ ಒಟ್ಟು ಲವಣವನ್ನು ಅಂದಾಜಿಸುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳದು. ಪಂಪ್ ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಮೂರು ಸಲ ಜಾಲಿಸಿದ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಬಾಟಲಿಯ ಮೈಮೇಲೇ ಬೋರ್‌ವೆಲ್ ಸಂಖ್ಯೆ, ದಿನ, ಹೊತ್ತು ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಮುಚ್ಚಳ ಅದಲುಬದಲಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ.

ಬಜೆಟ್ಟನ್ನು ಮಾದರಿಗಳ ಲೆಕ್ಕದಲ್ಲೇ ಕಟ್ಟಿ. 12 ಬೋರ್‌ವೆಲ್, ನವೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ: 24. ತಾಳೆ ನೋಡಲು ಕೆಲವು ಬೋರ್‌ವೆಲ್‌ಗಳಿಂದ ಎರಡನೇ ಬಾಟಲಿ (ಜೋಡಿ ಮಾದರಿ) 3. ಒಟ್ಟು 27ಕ್ಕೆ ಲ್ಯಾಬಿನ ಲಿಖಿತ ದರಪಟ್ಟಿ ಲಗತ್ತಿಸಿ. ತಂಡಗಳು ಮರೆಯುವುದು ಬಸ್ ಖರ್ಚು ಮತ್ತು ರಾಸಾಯನಿಕಗಳನ್ನು. ನೆನಪಿಟ್ಟು ಬರೆಯುವುದು ಲ್ಯಾಪ್‌ಟಾಪ್, ಡ್ರೋನ್!

ಅರ್ಜಿ ಗೈಡ್, ಎಚ್‌ಒಡಿ, ಪ್ರಾಂಶುಪಾಲರ ಮೂಲಕವೇ ಹೋಗಬೇಕು. ಹಣ ಕಾಲೇಜಿಗೆ ಬರುತ್ತದೆ, ನಿಮ್ಮ ಖಾತೆಗಲ್ಲ, ಅದೂ ತಡವಾಗಿ. ಹಾಗಾಗಿ ನವೆಂಬರಿನ ಸುತ್ತನ್ನು ವಿಭಾಗದ ಲ್ಯಾಬಿನಲ್ಲೇ ಮುಗಿಸುವಂತೆ ಗೈಡ್ ಜತೆ ಮೊದಲೇ ಮಾತಾಡಿಕೊಳ್ಳಿ. ಬಿಲ್ ಯಾರ ಹೆಸರಿನಲ್ಲಿರಬೇಕು ಎಂದು ಖರೀದಿಗೆ ಮೊದಲೇ ಲೆಕ್ಕಪತ್ರ ವಿಭಾಗದಲ್ಲಿ ಕೇಳಿ; ನಿಮ್ಮ ಹೆಸರಿನ ಬಿಲ್ ಹಣ ಬಳಕೆ ಪ್ರಮಾಣಪತ್ರದ ಹೊತ್ತಿಗೆ ವಾಪಸ್ ಬರಬಹುದು.

ಫಿಲ್ಟರ್ ಮಾಡಲೇಬೇಕೆಂದಿದ್ದರೆ ಒಂದು ಎಚ್ಚರ. ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಫ್ಲೋರೈಡ್ ಹೀರುವ ಆಕ್ಟಿವೇಟೆಡ್ ಅಲ್ಯೂಮಿನಾವನ್ನು ಪರೀಕ್ಷಿಸಿದರೆ ಅಂಕಿ ಚಂದ ಬರುತ್ತದೆ, ಹಳ್ಳಿ ನೀರಿಗೆ ಸೋಲುತ್ತದೆ. ಅಲ್ಯೂಮಿನಾ ಚೆನ್ನಾಗಿ ಹೀರುವುದು ಪಿಎಚ್ 5.5ರ ಆಸುಪಾಸಿನಲ್ಲಿ, ಅಂದರೆ ನೀರು ತುಸು ಆಮ್ಲೀಯವಾಗಿದ್ದಾಗ. ಬೋರ್‌ವೆಲ್ ನೀರು ಸಾಮಾನ್ಯವಾಗಿ 7 ದಾಟಿರುತ್ತದೆ, ಅದರಲ್ಲಿನ ಬೈಕಾರ್ಬೊನೇಟೂ ಫ್ಲೋರೈಡಿನೊಡನೆ ಪೈಪೋಟಿಗಿಳಿಯುತ್ತದೆ. ಮೊದಲ ದಿನದಿಂದಲೇ ಹಳ್ಳಿಯ ನೀರನ್ನೇ ಬಳಸಿ.

ಊರಿಗೆ ಕಾಲಿಡುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕಾಲೇಜಿನ ಪತ್ರ ಕೊಡಿ. ಮನೆಗಳಲ್ಲಿ "ಯಾವ ನೀರು ಕುಡೀತೀರಿ?" ಎಂದಷ್ಟೇ ಕೇಳಿದರೆ "ಘಟಕದ್ದು" ಎಂದು ಕ್ಯಾನ್ ತೋರಿಸುತ್ತಾರೆ. "ಮುದ್ದೆಗೆ, ಸಾರಿಗೆ ಯಾವ ನೀರು?" ಎಂದೂ ಕೇಳಿ. ಅಡುಗೆ ಬೋರ್‌ವೆಲ್ ನೀರಿನಲ್ಲಾದರೆ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಇಳಿಯದು. ವರದಿಯ ಜತೆ ಬೋರ್‌ವೆಲ್‌ವಾರು ಅಂಕಿಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಪಂಚಾಯಿತಿಗೆ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.