‘ಪವರ್ ಟಾಕೂ ಕಾ?’ ಅಂತ ಕೇಳಿದಾಗ ಏನು ಹೇಳಬೇಕು

ಪುಣೆಯ ಯಾವ ಪೆಟ್ರೋಲ್ ಪಂಪಿಗೆ ಹೋದರೂ ಅಷ್ಟೇ. ಗಾಡಿ ಸ್ವಲ್ಪ ಚೆನ್ನಾಗಿ ಕಂಡರೆ ಸಾಕು, ಹುಡುಗ ಹತ್ತಿರ ಬಂದು ‘ಸಾಹೇಬ, ಪವರ್ ಟಾಕೂ ಕಾ?’, ಅಂದರೆ ದುಬಾರಿ ಪೆಟ್ರೋಲ್ ಹಾಕಲಾ, ಅಂತ ಕೇಳುತ್ತಾನೆ. ಹಿಂದೆ ನಾಲ್ಕು ಸ್ಕೂಟರ್ ಹಾರ್ನ್ ಹೊಡೆಯುತ್ತಿರುತ್ತವೆ. ಯೋಚನೆ ಮಾಡಲು ಪುರುಸೊತ್ತಿಲ್ಲ. ನಾನೂ ವರ್ಷಗಟ್ಟಲೆ ‘ಟಾಕ, ಟಾಕ’ ಅಂತ ತಲೆಯಾಡಿಸಿದವನೇ. ಬಿಲ್ ಕೈಗೆ ಬಂದಾಗ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ.

ಈಚೆಗೆ ನಮ್ಮ ಬೆಳಗಾವಿ ಕಡೆಯ ಮೂರ್ನಾಲ್ಕು ಹುಡುಗರು ಟರ್ಬೊ ಗಾಡಿ ತಗೊಂಡಿದ್ದಾರೆ. ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಪಾರ್ಕಿಂಗಿಗೆ ಬಂದರೆ ಅದೇ ಪ್ರಶ್ನೆ. 95 ಆಕ್ಟೇನ್ ಪೆಟ್ರೋಲ್ ಹಾಕಲಾ, 100 ಹಾಕಲಾ, ಸಾದಾ ಸಾಕಾ? ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯಿತು. ಇಲ್ಲೇ ಬರೆದುಬಿಡುತ್ತೇನೆ.

ಮೊದಲ ಕೆಲಸ, ಪೆಟ್ರೋಲ್ ಮುಚ್ಚಳ ತೆಗೆಯಿರಿ. ಒಳಬದಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಧೂಳು ಹಿಡಿದಿದ್ದರೆ ಒರೆಸಿ ನೋಡಿ. ಆರ್‌ಒಎನ್ (ನಮ್ಮಲ್ಲಿ ಆಕ್ಟೇನ್ ಅಳೆಯುವ ಲೆಕ್ಕ) ಅಂತ ಬರೆದು ಪಕ್ಕದಲ್ಲಿ ಒಂದೋ ಎರಡೋ ನಂಬರ್ ಇರುತ್ತವೆ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಮ್ಯಾನುಯಲ್ ತೆಗೆಯಿರಿ, ಹೌದು, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿದ್ದೀರಲ್ಲ, ಅದೇ. ಅಲ್ಲಿ ‘ಮಿನಿಮಮ್’ ಅಂತ ಒಂದು ನಂಬರ್, ‘ರೆಕಮೆಂಡೆಡ್’ ಅಂತ ಇನ್ನೊಂದು ಇರಬಹುದು. ಮಿನಿಮಮ್ 95 ಅಂತ ಇದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ, ಚೌಕಾಸಿ ಇಲ್ಲ. ಮಿನಿಮಮ್ 91, ರೆಕಮೆಂಡೆಡ್ 95 ಅಂತಿದ್ದರೆ 91ರಲ್ಲಿ ಎಂಜಿನ್ ಬದುಕುತ್ತದೆ, ಆದರೆ ಬ್ರೋಷರ್‌ನಲ್ಲಿ ಓದಿ ಖುಷಿಪಟ್ಟ ಪವರ್ ಸಿಗುವುದು 95ರಲ್ಲಿ. ಬರೀ 91 ಅಂತ ಇದ್ದರೆ ನಿಮ್ಮ ಓದು ಇಲ್ಲಿಗೇ ಮುಗಿಯಿತು. ಸಾದಾ ಹಾಕಿಸಿ, ಉಳಿದ ದುಡ್ಡಲ್ಲಿ ಒಳ್ಳೆಯ ಟೈರ್ ತಗೊಳ್ಳಿ.

ಒಂದು ಎಚ್ಚರ. ಅಮೆರಿಕದವರ ವಿಡಿಯೊ ನೋಡಿ ‘ಈ ಗಾಡಿಗೆ 91 ಸಾಕಂತೆ’ ಅಂತ ಬರುವವರು ಬಹಳ. ಅವರ ಪಂಪಿನ ಮೇಲಿರುವುದು ಎಕೆಐ. ಅದು ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಅಳತೆಗಳ ಸರಾಸರಿ. ಅವರ 91 ಅಂದರೆ ನಮ್ಮಲ್ಲಿ ಹೆಚ್ಚುಕಮ್ಮಿ 95.

ಆಕ್ಟೇನ್ ಅಂದರೆ ಪವರ್ ಅಲ್ಲ, ಪೆಟ್ರೋಲಿನ ತಾಳ್ಮೆ. ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಬಂದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ತಾಳ್ಮೆ ಕಮ್ಮಿ ಇರುವ ಪೆಟ್ರೋಲ್ ಆ ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಅದೇ ನಾಕಿಂಗ್. ಸ್ಟೀಲ್ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು. ಟರ್ಬೊ ಗಾಡಿಯಲ್ಲಿ ಗಾಳಿಯನ್ನು ಮೊದಲೇ ಒತ್ತಿ ಒಳಗೆ ನೂಕುವುದರಿಂದ ಬಿಸಿ ಇನ್ನೂ ಜಾಸ್ತಿ. ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತುವುದು, ಜಾಸ್ತಿ ಇರುವ ಎಂಜಿನ್‌ಗೂ ಇದೇ ಗತಿ. ಅದಕ್ಕೇ ಇವಕ್ಕೆ ತಾಳ್ಮೆಯ ಪೆಟ್ರೋಲ್ ಬೇಕು.

ಈಗಿನ ಗಾಡಿಗಳಲ್ಲಿ ಆ ಸದ್ದು ನಿಮಗೆ ಕೇಳಿಸುವುದೇ ಅಪರೂಪ. ಎಂಜಿನ್ ಮೈಗೆ ಒಂದು ನಾಕ್ ಸೆನ್ಸರ್ ಅಂಟಿಕೊಂಡಿರುತ್ತದೆ. ಅದು ನಡುಕ ಹಿಡಿದ ಕೂಡಲೇ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಕಿಡಿ ಹಾರಿಸುವುದನ್ನು ತುಸು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಹೋಗುತ್ತದೆ. ನೀವು ‘ಯಾಕೋ ಇವತ್ತು ಗಾಡಿ ಮಂಕಾಗಿದೆ’ ಅಂದುಕೊಳ್ಳುತ್ತೀರಿ. ಈ ಜಾಣತನವೇ ಇಲ್ಲದ, ಕಮ್ಮಿ ಕಂಪ್ರೆಷನ್ನಿನ ಸಾದಾ ಗಾಡಿಗೆ 100 ಹಾಕಿದರೆ ಏನೂ ಲಾಭವಿಲ್ಲ. ನನ್ನ ಭಾವಮೈದುನ ತನ್ನ ಸ್ವಿಫ್ಟ್‌ಗೆ 100 ಹಾಕಿಸಿ ‘ಗಾಡಿ ಹಾರ್ತದೆ ಮಾವ’ ಅಂದ. ಹಾರಿದ್ದು ಅವನ ದುಡ್ಡು.

ಇನ್ನು ಹೆಸರುಗಳ ಗೊಂದಲ. ಇಂಡಿಯನ್ ಆಯಿಲ್‌ನದು ಎಕ್ಸ್‌ಪಿ95 ಮತ್ತು ಎಕ್ಸ್‌ಪಿ100. ಎಚ್‌ಪಿಯದು ಪವರ್95, ಪವರ್100. ಭಾರತ್ ಪೆಟ್ರೋಲಿಯಂನದು ಸ್ಪೀಡ್ ಮತ್ತು ಸ್ಪೀಡ್97. ಇವೆರಡು ಒಂದೇ ಅಂದುಕೊಳ್ಳಬೇಡಿ. ಬರೀ ಸ್ಪೀಡ್‌ನ ಬಂಡವಾಳ ಎಂಜಿನ್ ಕ್ಲೀನ್ ಇಡುವ ಅಡಿಟಿವ್. ಸ್ಪೀಡ್97ರದು ಆಕ್ಟೇನ್. ಪುಣೆಯ ಹುಡುಗರ ಬಾಯಲ್ಲಿ ಮಾತ್ರ ಯಾವ ಕಂಪನಿಯ ದುಬಾರಿ ಪೆಟ್ರೋಲಾದರೂ ‘ಪವರ್’. ಆದ್ದರಿಂದ ಹೆಸರು ಕೇಳಬೇಡಿ, ನಂಬರ್ ಕೇಳಿ. ನಂಬರ್ ಹೇಳಲು ತಡವರಿಸಿದರೆ ಅದು ಅಡಿಟಿವ್ ಪೆಟ್ರೋಲ್ ಅಂತ ತಿಳಿದುಕೊಳ್ಳಿ. ಅದು ಕೆಟ್ಟದ್ದಲ್ಲ, ನೀವು ಕೇಳಿದ್ದು ಅದಲ್ಲ, ಅಷ್ಟೇ.

ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಮೊದಲ ಹತ್ತು ಊರುಗಳಲ್ಲಿ ಮುಂಬೈ, ಪುಣೆ ಎರಡೂ ಇದ್ದವು. ಆಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಸಾದಾ ಪೆಟ್ರೋಲಿಗಿಂತ ಲೀಟರಿಗೆ 50 ರೂಪಾಯಿ ಜಾಸ್ತಿ ಅಂತ ಹಿಡಿದರೂ 40 ಲೀಟರ್ ಟ್ಯಾಂಕಿಗೆ 2,000 ರೂಪಾಯಿ ಬೇರೆಯಾಯಿತು. ಪ್ರತಿ ಸಲ ಆ ದುಡ್ಡು ಕೊಡುವ ಮೊದಲು ಮುಚ್ಚಳದ ಸ್ಟಿಕ್ಕರ್ ಇನ್ನೊಮ್ಮೆ ನೋಡಿ.

ಈಗ ಎಥನಾಲ್ ವಿಷಯ. ಇಲ್ಲಿ ಜನ ಆಕ್ಟೇನ್, ಕಸುವು ಎಂಬ ಎರಡು ಬೇರೆ ಮಾತುಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ. ಪಂಪಿನಲ್ಲಿ ಈಗ ಸಾದಾ ಅಂತ ಸಿಗುವ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಆಕ್ಟೇನ್ 95 ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಎಥನಾಲ್‌ಗೆ ತಾಳ್ಮೆ ಜಾಸ್ತಿ, ಅದರ ಆಕ್ಟೇನ್ 108ರ ಆಸುಪಾಸು. ಹಾಗಾದರೆ ಸಾದಾ ಪೆಟ್ರೋಲೇ 95 ಆಯಿತಲ್ಲ, ಜಾಸ್ತಿ ದುಡ್ಡು ಕೊಟ್ಟು ಎಕ್ಸ್‌ಪಿ95 ಯಾಕೆ? ಒಳ್ಳೆಯ ಪ್ರಶ್ನೆ. ನಿಮ್ಮ ಗಾಡಿ ಇ20ಗೆ ತಯಾರಾದದ್ದು, ಕೇಳುವುದು 95 ಅಂತಾದರೆ ಸಾದಾ ಹಾಕಿಯೇ ಶುರು ಮಾಡಿ, ಆಮೇಲೆ ಮುಂದೆ ಹೇಳುವ ಘಾಟ್ ಪರೀಕ್ಷೆ ಮಾಡಿ. ಆದರೆ ಆಕ್ಟೇನ್ ಜಾಸ್ತಿ ಅಂದ ಮಾತ್ರಕ್ಕೆ ಕಸುವು ಜಾಸ್ತಿ ಅಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ ಇರುತ್ತದೆ. ಮೈಲೇಜ್ ತುಸು ಇಳಿಯುವುದು ಅದಕ್ಕೇ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಎಷ್ಟು ಎಥನಾಲ್ ತಡೆಯುತ್ತದೆ ಅಂತಲೂ ಮ್ಯಾನುಯಲ್‌ನಲ್ಲಿ ನೋಡಿ, ಇ5, ಇ10 ಅಂತ ಬರೆದಿರುತ್ತಾರೆ. ಎಕ್ಸ್‌ಪಿ95ರಲ್ಲೂ ಎಥನಾಲ್ ಇದೆ, ಅದನ್ನು ತಪ್ಪಿಸಲು ಅಂತ 95 ಹಾಕಿಸಿದರೆ ಸುಮ್ನೆ ದಂಡ. ಎಕ್ಸ್‌ಪಿ100 ಎಥನಾಲ್ ಇಲ್ಲದ್ದು. ಹಳೆಯ ಜರ್ಮನ್ ಗಾಡಿ ಇಟ್ಟುಕೊಂಡವರು ಅದನ್ನು ಕೊಳ್ಳುವುದು ಬಹುಪಾಲು ಇದೇ ಕಾರಣಕ್ಕೆ, 100 ಅನ್ನುವ ನಂಬರಿಗಲ್ಲ.

ಪರೀಕ್ಷೆ ಹೀಗೆ. ನಾನು ತಿಂಗಳಿಗೊಮ್ಮೆ ಊರಿಗೆ ಹೋಗುವವನು, ನನ್ನ ಪ್ರಯೋಗಶಾಲೆ ಖಂಬಾಟ್ಕಿ ಘಾಟ್. ಮುಂಬೈಯವರಿಗೆ ಖಂಡಾಲದ ಏರು ಇದೆ. ಟ್ಯಾಂಕ್ ಬಹುತೇಕ ಖಾಲಿ ಮಾಡಿಕೊಂಡು ಒಂದು ಗ್ರೇಡ್ ಪೂರ್ತಿ ತುಂಬಿಸಿ. ಇಸಿಯು ಹೊಸ ಪೆಟ್ರೋಲಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಓಡಿಸಿ, ಪಂಪಿನಿಂದ ಹೊರಬಿದ್ದ ಕೂಡಲೇ ‘ಆಹಾ, ಸ್ಮೂತ್’ ಅನ್ನಬೇಡಿ, ಅದು ಬಿಲ್ ಮಾತಾಡುವುದು. ಆಮೇಲೆ ಅದೇ ಏರು, ಅದೇ ಗೇರ್, ಎಸಿ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ. ಒಬಿಡಿ ಡಾಂಗಲ್ (ಇಸಿಯು ಅಂಕಿಗಳನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ) ಇದ್ದರೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿ, ಓದುವ ಕೆಲಸ ಪಕ್ಕದಲ್ಲಿ ಕೂತವರಿಗೆ ಕೊಡಿ. ಮೇ ತಿಂಗಳ ಒಂದು ಮಧ್ಯಾಹ್ನ, ಹಿಂದೆ ಅಮ್ಮ, ಡಿಕ್ಕಿಯಲ್ಲಿ ನಾಲ್ಕು ಕಿಲೋ ಬಾಕರವಡಿ, ಸಾದಾ ಪೆಟ್ರೋಲಿನಲ್ಲಿ ಹತ್ತುವಾಗ ಟೈಮಿಂಗ್ ಮತ್ತೆ ಮತ್ತೆ ನಾಲ್ಕೈದು ಡಿಗ್ರಿ ಹಿಂದೆ ಸರಿಯುತ್ತಿತ್ತು. ಮುಂದಿನ ಸಲ ಸ್ಪೀಡ್97 ಹಾಕಿದಾಗ ಟೈಮಿಂಗ್ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತು. ಅದರ ಮುಂದಿನ ಸಲ 100 ಹಾಕಿದೆ. 97ಕ್ಕೂ ಅದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ನನ್ನ ಗಾಡಿಯ ಉತ್ತರ ನನಗೆ ಸಿಕ್ಕಿತು. ನಿಮ್ಮದು ನೀವೇ ಕೇಳಬೇಕು. ದಿನಾ ಹಿಂಜವಡಿ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಮಾತ್ರ ಈ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಅಂದಹಾಗೆ, ಏರಿನಲ್ಲಿ ಐದನೇ ಗೇರ್‌ನಲ್ಲಿ 1,500 ಆರ್‌ಪಿಎಂ ಇಟ್ಟುಕೊಂಡು ಆಕ್ಸಲರೇಟರ್ ತುಳಿಯುವ ಚಾಳಿ ಇದ್ದರೆ ಪೆಟ್ರೋಲ್ ಬದಲಿಸುವ ಮೊದಲು ಗೇರ್ ಬದಲಿಸಿ. ಟರ್ಬೊ ಎಂಜಿನ್‌ಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ರೀಮ್ಯಾಪ್ ಮಾಡಿಸಿದವರಿಗೆ, ಅಂದರೆ ಪವರ್ ಏರಿಸಲು ಇಸಿಯು ಪ್ರೋಗ್ರಾಂ ಬದಲಿಸಿಕೊಂಡವರಿಗೆ, ಲೆಕ್ಕ ಬೇರೆ. ಸ್ಟಿಕ್ಕರ್ ಮರೆತುಬಿಡಿ, ಆ ನಂಬರ್ ನಿಮ್ಮ ಗಾಡಿಗೆ ಈಗ ಅನ್ವಯಿಸುವುದಿಲ್ಲ. ಇದನ್ನು ಕಲಿತದ್ದು ಚೋರ್ಲಾ ಘಾಟಿನಲ್ಲಿ. ರೀಮ್ಯಾಪ್ ಅಂಗಡಿಯವನು ‘ಯಾವ ಪೆಟ್ರೋಲಾದರೂ ನಡೆಯುತ್ತೆ ಸರ್’ ಅಂದಿದ್ದ. ನಂಬಿದೆ. ಗೋವಾದಿಂದ ಬೆಳಗಾವಿಗೆ ವಾಪಸ್ ಬರುವಾಗ ಸಿಕ್ಕ ಪಂಪಿನಲ್ಲಿ ಸಾದಾ ಹಾಕಿಸಿಕೊಂಡು ಹೊರಟೆ. ಕೇರಿ ದಾಟಿ ಏರು ಶುರುವಾದ ಮೇಲೆ ಗೋಲಿ ಸದ್ದು, ಆಮೇಲೆ ಚೆಕ್ ಎಂಜಿನ್ ದೀಪ, ಆಮೇಲೆ ಗಾಡಿ ಎಳೆಯುವುದನ್ನೇ ನಿಲ್ಲಿಸಿತು. ಹಿಂದೆ ಬಂದ ಲಾರಿಯವನು ಬಯ್ದದ್ದು ಕೊಂಕಣಿಯಲ್ಲಿ, ಆದರೂ ಪೂರ್ತಿ ಅರ್ಥವಾಯಿತು. ಪುಣೆಗೆ ಬಂದು ವಿಚಾರಿಸಿದರೆ ಮ್ಯಾಪ್ ಬರೆದದ್ದೇ 100 ಆಕ್ಟೇನ್‌ಗೆ. ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿ, ಈ ಮ್ಯಾಪ್ ಯಾವ ಆಕ್ಟೇನ್‌ಗೆ? ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ದೂರ ಓಡಾಡುವವರಾದರೆ 95ರ ಮ್ಯಾಪನ್ನೇ ಮಾಡಿಸಿ. ಹತ್ತು ಕುದುರೆ ಶಕ್ತಿ ಕಮ್ಮಿಯಾದರೂ ಊರು ಮುಟ್ಟುತ್ತೀರಿ.

ದಾರಿಯಲ್ಲಿ ಬೇಕಾದ ಗ್ರೇಡ್ ಸಿಗದಿದ್ದರೆ ಬೆರೆಸಬಹುದು, ಪಾಪವೇನಿಲ್ಲ. ಅರ್ಧ ಟ್ಯಾಂಕ್ 100 ಇರುವಾಗಲೇ ಅಷ್ಟೇ 95 ಹಾಕಿದರೆ ಸುಮಾರು 97 ಆಗುತ್ತದೆ. ಬೇರೆ ಬೇರೆ ಕಂಪನಿಯದಾದರೂ ಪರವಾಗಿಲ್ಲ. ಸಿಕ್ಕಿದ್ದು ಸಾದಾ ಮಾತ್ರವಾದರೆ ಅರ್ಧ ಟ್ಯಾಂಕ್ ಹಾಕಿಸಿ, ಮುಂದಿನ ದೊಡ್ಡ ಊರಿನವರೆಗೆ ಮೆಲ್ಲಗೆ ಹೋಗಿ. ಬಾಟಲಿಯಲ್ಲಿ ಬರುವ ಆಕ್ಟೇನ್ ಬೂಸ್ಟರ್ ನನಗೆ ನಂಬಿಕೆ ಇಲ್ಲದ ವಸ್ತು.

ಮಳೆಗಾಲ ಪೂರ್ತಿ ಗಾಡಿ ಹೊದಿಕೆ ಹಾಕಿ ನಿಲ್ಲಿಸುವವರು ಎಥನಾಲ್ ಇಲ್ಲದ 100 ತುಂಬಿಸಿ ನಿಲ್ಲಿಸಿದರೆ ವಾಸಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಜುಲೈ ಹವೆ ಗೊತ್ತಲ್ಲ. ಟ್ಯಾಂಕ್ ತುಂಬಿಯೇ ಇರಲಿ, ಖಾಲಿ ಜಾಗದಲ್ಲೇ ತೇವ ಕೂರುವುದು.

ಪಂಪಿನಲ್ಲಿ ಗಾಡಿಯಿಂದ ಕೆಳಗೆ ಇಳಿಯಿರಿ. ಹುಡುಗ ‘ಪವರ್ ಟಾಕೂ ಕಾ’ ಅಂದರೆ ‘ಪಂಚ್ಯಾಣ್ಣವ ಆಹೇ ಕಾ?’ (95 ಇದೆಯಾ?) ಅಂತ ನಂಬರ್ ಹಿಡಿದೇ ಕೇಳಿ. ಎತ್ತಿಕೊಂಡ ನಾಝಲ್ ಯಾವ ಮೆಷಿನ್‌ನದು ನೋಡಿ, ಸೊನ್ನೆ ನೋಡಿ. ಡೆನ್ಸಿಟಿ ತೋರಿಸಿದರೆ ಅದರಿಂದ ಆಕ್ಟೇನ್ ಗೊತ್ತಾಗುವುದಿಲ್ಲ, ಅದು ಕಲಬೆರಕೆ ನೋಡಲು. ಬಿಲ್ಲಿನಲ್ಲಿ ಪೆಟ್ರೋಲಿನ ಹೆಸರು ಅಚ್ಚಾಗಿದೆಯಾ ನೋಡಿಕೊಂಡು ಡ್ಯಾಶ್‌ಬೋರ್ಡ್ ಡಬ್ಬಿಗೆ ಹಾಕಿ. ಮ್ಯಾನುಯಲ್ ಪಕ್ಕದಲ್ಲೇ.