16 ಹಾರಾಟಗಳ ಲೆಕ್ಕ: ಬಿಸಿನೆಸ್ ಕ್ಲಾಸ್‌ನಲ್ಲಿ ಭೂಮಿ ಸುತ್ತುವ ಟಿಕೆಟ್ ಮಾಡಿಸುವುದು ಹೇಗೆ?

ದೇವನಹಳ್ಳಿಯಲ್ಲಿ ಹತ್ತಿ ಲಂಡನ್, ನ್ಯೂಯಾರ್ಕ್, ಟೋಕಿಯೋ ನೋಡಿಕೊಂಡು ಮತ್ತೆ ದೇವನಹಳ್ಳಿಯಲ್ಲೇ ಇಳಿಯಲು ಬೇರೆ ಬೇರೆ ಟಿಕೆಟ್ ಕೊಳ್ಳಬೇಕಿಲ್ಲ. ವಿಮಾನ ಕಂಪನಿಗಳ ಒಕ್ಕೂಟಗಳು ಇಡೀ ಸುತ್ತಿಗೆ ಒಂದೇ ಟಿಕೆಟ್ ಕೊಡುತ್ತವೆ. ಅದರ ನಿಯಮಗಳನ್ನು ಓದದೆ ನೇರ ಕಂಪ್ಯೂಟರ್ ಮುಂದೆ ಕೂತವರು ಅರ್ಧ ದಿನ ಕಳೆದು, ಕೆಂಪು ಅಕ್ಷರದ ದೋಷಸೂಚನೆ ನೋಡಿ ಎದ್ದುಹೋಗುತ್ತಾರೆ.

1. ಒಕ್ಕೂಟ ಆರಿಸಿ

ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟದ ಟಿಕೆಟ್‌ನ ದರ ಒಟ್ಟು ಮೈಲಿಗಳ ಮೇಲೆ ನಿಂತಿದೆ. ಇನ್ನೊಂದು ಒಕ್ಕೂಟವಾದ ಒನ್‌ವರ್ಲ್ಡ್ ಕೊಡುವ ‘ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್’ ಟಿಕೆಟ್‌ನಲ್ಲಿ ಲೆಕ್ಕ ಖಂಡಗಳದ್ದು: ಕನಿಷ್ಠ 3, ಗರಿಷ್ಠ 6. ಬೆಂಗಳೂರಿನವರು ಎರಡನೆಯದನ್ನೇ ಹಿಡಿಯಿರಿ. ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್, ಶ್ರೀಲಂಕನ್ ಎಲ್ಲ ನಮ್ಮೂರಿಗೇ ಬರುತ್ತವೆ, ಮೈಲಿ ಕೂಡುವ ತಲೆನೋವೂ ಇಲ್ಲ.

2. ಮೊದಲು ಕಾಗದದ ಮೇಲೆ ದಾರಿ ಬರೆಯಿರಿ

ಕೆಲಸವೆಲ್ಲ ಇರುವುದು ಇಲ್ಲಿ. ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ದಾಟಬೇಕು, ಅದೂ ಒಂದೇ ದಿಕ್ಕಿನಲ್ಲಿ. ಯುರೋಪ್ ಮುಟ್ಟಿದ ಮೇಲೆ ಮತ್ತೆ ಏಷ್ಯಾಕ್ಕೆ ಹಿಂದಿರುಗಿ ಅಮೆರಿಕಕ್ಕೆ ಹೋಗುತ್ತೇನೆಂದರೆ ಆಗದು. ಖಂಡದೊಳಗೆ ಮಾತ್ರ ಹಿಂದೆ ಮುಂದೆ ಓಡಾಡಬಹುದು. ಹೊರಟ ದೇಶಕ್ಕೇ ಮರಳಬೇಕು, ಆದರೆ ಸುತ್ತಿನ ನಡುವೆ ಆ ದೇಶವನ್ನು ಮುಟ್ಟುವಂತಿಲ್ಲ. ಮಧ್ಯದಲ್ಲಿ ಒಂದು ಮದುವೆಗೆ ಬೆಂಗಳೂರಿಗೆ ಬಂದುಹೋಗುವ ಆಸೆ ಬಿಟ್ಟುಬಿಡಿ.

ಖಂಡ ಎಂದರೆ ಶಾಲೆಯಲ್ಲಿ ಕಲಿತ ಖಂಡವಲ್ಲ. ಈ ನಿಯಮದ ಪ್ರಕಾರ ದೋಹಾ, ಕೈರೋ, ಕಾಸಾಬ್ಲಾಂಕಾ ಮೂರೂ ಯುರೋಪ್–ಮಧ್ಯಪ್ರಾಚ್ಯದ ಲೆಕ್ಕಕ್ಕೆ ಬರುತ್ತವೆ, ಮೆಕ್ಸಿಕೋ ಉತ್ತರ ಅಮೆರಿಕಕ್ಕೆ. ಹಾಗಾಗಿ ಪಿರಮಿಡ್ ನೋಡಲು ಆಫ್ರಿಕಾದ ದುಡ್ಡು ಕೊಡಬೇಕಿಲ್ಲ. ಆದರೆ ವಿಮಾನ ಬದಲಿಸಲಷ್ಟೇ ಇಳಿದರೂ ಆ ಖಂಡ ಲೆಕ್ಕಕ್ಕೆ ಸೇರುತ್ತದೆ.

ಈಗ ಎಣಿಕೆ. ಒಟ್ಟು 16 ಸೆಗ್ಮೆಂಟ್ (ಒಂದು ಹಾರಾಟಕ್ಕೆ ಒಂದು ಸೆಗ್ಮೆಂಟ್) ಮೀರುವಂತಿಲ್ಲ. ಒಂದು ಖಂಡದೊಳಗೆ 4, ಉತ್ತರ ಅಮೆರಿಕದಲ್ಲಿ 6. ಎಡವುವುದು ಇಲ್ಲೇ: ಊರುಗಳನ್ನು ಎಣಿಸುತ್ತಾರೆ, ಎಣಿಸಬೇಕಾದ್ದು ವಿಮಾನಗಳನ್ನು. ಉದಾಹರಣೆಗೆ ಬೆಂಗಳೂರು–ದೋಹಾ 1, ದೋಹಾ–ಲಂಡನ್ 2, ಲಂಡನ್–ನ್ಯೂಯಾರ್ಕ್ 3, ನ್ಯೂಯಾರ್ಕ್–ಲಾಸ್ ಏಂಜಲೀಸ್ 4, ಅಲ್ಲಿಂದ ಟೋಕಿಯೋ 5, ಟೋಕಿಯೋ–ಬೆಂಗಳೂರು 6. ಲಂಡನ್‌ಗೆ ನೇರ ವಿಮಾನ ಹಿಡಿದರೆ ಒಂದು ಉಳಿಯಿತು. ನೀವೇ ರೈಲಿನಲ್ಲಿ ಹೋದ ದೂರವೂ, ಅಂದರೆ ಒಂದು ಊರಲ್ಲಿ ಇಳಿದು ಇನ್ನೊಂದರಿಂದ ಹತ್ತಿದರೆ, ಒಂದು ಸೆಗ್ಮೆಂಟ್ ತಿನ್ನುತ್ತದೆ. ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ತಡೆರಹಿತ ವಿಮಾನ ಒಂದೇ ಸಲ.

ಯುರೋಪಿನೊಳಗಿನ ಸಣ್ಣ ಹಾರಾಟಕ್ಕೆ ಸೆಗ್ಮೆಂಟ್ ಸುರಿಯಬೇಡಿ. ಅಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಎಕಾನಮಿಯದೇ ಮೂರು ಸೀಟು, ಮಧ್ಯದ್ದು ಖಾಲಿ, ಮುಂದೊಂದು ಪರದೆ, ತಟ್ಟೆಯಲ್ಲಿ ಸ್ವಲ್ಪ ಒಳ್ಳೆಯ ಊಟ. ಮಲಗುವ ಸೀಟು ಇರುವ ಉದ್ದದ ಹಾರಾಟಗಳಿಗೇ ಈ ಟಿಕೆಟ್ ಮೀಸಲಿಡಿ.

ದಿಕ್ಕು ಯಾವುದು? ಪಶ್ಚಿಮ. ದಿನಗಳು ಉದ್ದವಾಗುತ್ತವೆ, ನಿದ್ದೆ ಬೇಗ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹೋದವರಿಗೆ ನ್ಯೂಯಾರ್ಕ್–ಲಂಡನ್ ರಾತ್ರಿ ವಿಮಾನ 7 ಗಂಟೆಯೊಳಗೆ ಮುಗಿಯುತ್ತದೆ. ಊಟ, ಬೆಳಗಿನ ತಿಂಡಿ ಕಳೆದರೆ ಹಾಸಿಗೆಗೆ ಉಳಿಯುವುದು ನಾಲ್ಕು ಗಂಟೆ.

3. ತೆರಿಗೆ ನೋಡಿ, ಆಮೇಲೆ ಲಂಡನ್ ನೋಡಿ

ಬ್ರಿಟನ್ನಿನಲ್ಲಿ 24 ಗಂಟೆಗಿಂತ ಹೆಚ್ಚು ತಂಗಿ ಅಲ್ಲಿಂದ ಅಮೆರಿಕಕ್ಕೆ ಬಿಸಿನೆಸ್ ಕ್ಲಾಸ್‌ನಲ್ಲಿ ಹೊರಟರೆ ಪ್ರಯಾಣಿಕರ ತೆರಿಗೆಯೇ 200 ಪೌಂಡ್ ದಾಟುತ್ತದೆ. ಲಂಡನ್ ನೋಡಿಕೊಂಡು, ಮ್ಯಾಡ್ರಿಡ್‌ನಲ್ಲೂ 24 ಗಂಟೆಗಿಂತ ಹೆಚ್ಚು ತಂಗಿ, ಅಲ್ಲಿಂದ ಅಟ್ಲಾಂಟಿಕ್ ದಾಟಿ. ಭಾರತದಲ್ಲಿ ಎಕಾನಮಿಗಿಂತ ಮೇಲಿನ ದರ್ಜೆಗೆ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ ಶೇ 18.

ಅದೇ ದಾರಿಗೆ ಹೊರಡುವ ದೇಶ ಬದಲಾದರೆ ದರವೂ ಬದಲಾಗುತ್ತದೆ. ಕೊಲಂಬೊದಿಂದ ಹೊರಟರೆ ಎಷ್ಟು ಎಂದು ಒಮ್ಮೆ ನೋಡಿ. ಆದರೆ ಬೆಂಗಳೂರು–ಕೊಲಂಬೊ ಬೇರೆ ಟಿಕೆಟ್ ಆದ್ದರಿಂದ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಮೊದಲ ವಿಮಾನ ತಪ್ಪಿದರೆ ಉಳಿದವೆಲ್ಲ ರದ್ದಾಗುತ್ತವೆ.

4. ವೀಸಾ

ಎಲ್ಲವನ್ನೂ ಹೊರಡುವ ಮೊದಲೇ ಮಾಡಿಸಿ, ಅಮೆರಿಕದ್ದು ಮೊದಲು. ಅಲ್ಲಿ ವಿಮಾನ ಬದಲಿಸಲಷ್ಟೇ ಇಳಿದರೂ ವೀಸಾ ಬೇಕು.

5. ಸೀಟು ಹುಡುಕಿ

ಈ ಟಿಕೆಟ್‌ಗೆ ಬಿಸಿನೆಸ್ ಕ್ಲಾಸ್‌ನ ಎಲ್ಲ ಸೀಟುಗಳೂ ಸಿಗವು, ‘ಡಿ’ ಅಕ್ಷರದ ದರ್ಜೆ ತೆರೆದಿದ್ದರೆ ಮಾತ್ರ. ಸಾಗರ ದಾಟುವ ವಿಮಾನಗಳಲ್ಲಿ ಡಿ ಮೊದಲು ಹಿಡಿಯಿರಿ, ಖಂಡದೊಳಗಿನವು ಆಮೇಲೆ. ಡಿ ಇಲ್ಲದ ದಿನ ಎಕಾನಮಿಗೆ ಒಪ್ಪಿಕೊಂಡರೆ ದರದಲ್ಲಿ ಕಡಿತವಿಲ್ಲ. ಅದರ ಬದಲು ಒಂದೆರಡು ದಿನ ಹಿಂದೆ ಮುಂದೆ ಮಾಡಿ. ಸೀಟಿನ ನಕ್ಷೆಯಲ್ಲಿ 1-2-1 ಕಂಡರೆ ಪ್ರತಿಯೊಬ್ಬರಿಗೂ ನೇರ ನಡುದಾರಿ ಇದೆ ಎಂದರ್ಥ. 2-3-2 ಕಂಡರೆ ಪಕ್ಕದವರ ಕಾಲು ದಾಟಬೇಕಾಗಬಹುದು.

ಟಿಕೆಟ್ ಅವಧಿ 1 ವರ್ಷ, ಆದರೆ ವಿಮಾನ ಕಂಪನಿಗಳು ಸುಮಾರು 11 ತಿಂಗಳ ಮುಂದಿನ ವೇಳಾಪಟ್ಟಿಯನ್ನಷ್ಟೇ ತೆರೆದಿರುತ್ತವೆ. ಕೊನೆಯ ಹಾರಾಟಗಳಿಗೆ ಸಿಕ್ಕ ದಿನಾಂಕ ಹಾಕಿ, ಆಮೇಲೆ ಬದಲಿಸಿ. ದಾರಿ ಬದಲಾಗದಿದ್ದರೆ ದಿನಾಂಕ ಬದಲಾವಣೆಗೆ ಶುಲ್ಕವಿಲ್ಲ. ದಾರಿಯೇ ಬದಲಾದರೆ ಟಿಕೆಟ್ ಮರುವಿತರಣೆಗೆ 125 ಡಾಲರ್.

ಇನ್ನೊಂದು: ವಾಟ್ಸ್ಆ್ಯಪ್‌ನಲ್ಲಿ ಯಾರದೋ ಮೈಲ್ಸ್‌ನಿಂದ (ಪದೇ ಪದೇ ಹಾರುವವರಿಗೆ ಕಂಪನಿ ಕೊಡುವ ಅಂಕಗಳು) ‘ಅರ್ಧ ಬೆಲೆಗೆ ವರ್ಲ್ಡ್ ಟಿಕೆಟ್’ ಮಾರುವವರಿದ್ದಾರೆ. ಮೈಲ್ಸ್ ಮಾರುವುದು ಕಂಪನಿಗಳ ನಿಯಮಕ್ಕೆ ವಿರುದ್ಧ, ಗೊತ್ತಾದರೆ ನಡುದಾರಿಯಲ್ಲೇ ರದ್ದು. ಹತ್ತಿರ ಸುಳಿಯಬೇಡಿ.

6. ದುಡ್ಡು ಕಟ್ಟಿದ ಮೇಲೆ

ಒಂದು ಟಿಕೆಟ್ ಸಂಖ್ಯೆಯಲ್ಲಿ 4 ಕೂಪನ್ (ಹಾರಾಟಕ್ಕೆ ಒಂದರಂತೆ) ಮಾತ್ರ ಹಿಡಿಸುತ್ತವೆ. ಆದ್ದರಿಂದ 6 ಹಾರಾಟಗಳಿಗೆ ಎರಡು ಸಂಖ್ಯೆ ಬಂದರೆ ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಬೇರೆ ಕಡೆ: ದಿನಾಂಕ ಬದಲಿಸಿದಾಗ ಪಿಎನ್‌ಆರ್‌ನಲ್ಲಿ ಹೊಸ ವಿಮಾನ ‘ಕನ್ಫರ್ಮ್’ ಎಂದೇ ಕಾಣುತ್ತದೆ, ಆದರೆ ಟಿಕೆಟ್ ಮರುವಿತರಣೆ ಆಗಿರದೇ ಇರಬಹುದು. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಬರದೆ ನಿಲ್ಲುವುದು ಇದರಿಂದಲೇ. ಪ್ರತಿ ಬದಲಾವಣೆಯ ನಂತರ ಟಿಕೆಟ್ ಕೊಟ್ಟ ಕಂಪನಿಯಿಂದ ಹೊಸ ಇ-ಟಿಕೆಟ್ ತರಿಸಿ, ಅದರಲ್ಲಿ ಹೊಸ ದಿನಾಂಕ ಇದೆಯೇ ಎಂದು ಬೆರಳಿಟ್ಟು ನೋಡಿ. ಉಳಿದ ಪ್ರತಿ ಕಂಪನಿಯ 6 ಅಕ್ಷರದ ಪಿಎನ್‌ಆರ್ ಅನ್ನೂ ಅವರಿಂದಲೇ ಕೇಳಿ ಪಡೆಯಿರಿ. ಅದಿಲ್ಲದೆ ಸೀಟು ಆರಿಸಲಾಗದು.

ಯಾವುದಾದರೂ ವಿಮಾನ ಬೇಡವೆನಿಸಿದರೆ ಸುಮ್ಮನೆ ಬಿಡಬೇಡಿ, ಮೊದಲೇ ಫೋನ್ ಮಾಡಿ ತೆಗೆಸಿ.

ಟೋಕಿಯೋ ಹೋಟೆಲ್ ಕಾದಿರಿಸುವಾಗ ದಿನಾಂಕ ರೇಖೆ ಮರೆಯಬೇಡಿ. ಲಾಸ್ ಏಂಜಲೀಸ್‌ನಲ್ಲಿ 10ರಂದು ಮಧ್ಯಾಹ್ನ ಹತ್ತಿದರೆ ಟೋಕಿಯೋದಲ್ಲಿ ಇಳಿಯುವುದು 11ರ ಸಂಜೆ. ಟೋಕಿಯೋಗೆ ನರಿತಾ, ಹನೇಡಾ ಎಂಬ ಎರಡು ವಿಮಾನ ನಿಲ್ದಾಣಗಳಿವೆ, ಬೆಂಗಳೂರಿಗೆ ಬರುವ ಜಪಾನ್ ಏರ್‌ಲೈನ್ಸ್ ವಿಮಾನ ಹೊರಡುವುದು ನರಿತಾದಿಂದ. ಅಲ್ಲಿ ತಂಗದೆ ನೇರ ಊರಿಗೆ ಬರುವವರು ಹನೇಡಾಕ್ಕೆ ಇಳಿಯುವ ವಿಮಾನ ಹಿಡಿದರೆ ಸೂಟ್‌ಕೇಸ್ ಎಳೆದುಕೊಂಡು ನಗರದ ಆ ತುದಿಯಿಂದ ಈ ತುದಿಗೆ ಬಸ್ ಹತ್ತಬೇಕಾಗುತ್ತದೆ.